ಪಿಯಲ್ಲಿದ್ದೂ ಜಾರಿದ ಕಾರು

ಮಡಿಕೇರಿಯ ನಮ್ಮ ಮನೆಯಂಗಳ ಗೇಟಿನ ಕಡೆಗೆ ಇಳಿಜಾರು. ಕಳೆದ ಮಳೆಗಾಲದ ಒಂದು ಸಂಜೆ ಆಟೋಮ್ಯಾಟಿಕ್ ಕಾರನ್ನು ಎಂದಿನಂತೆ ನಿಲ್ಲಿಸಿ, ಲಿವರನ್ನು ಪಿಗೆ (ಪಾರ್ಕ್) ತಳ್ಳಿ, ಎಂಜಿನ್ ಆಫ್ ಮಾಡಿದೆ. ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಕಾರು ಹಿಂದಕ್ಕೆ ಜಾರತೊಡಗಿತು. ಗೇಟಿನ ಬಳಿ ಮೊಮ್ಮಗಳು ಕೊಡೆ ಹಿಡಿದು ನಿಂತಿದ್ದಳು. ಹ್ಯಾಂಡ್‌ಬ್ರೇಕ್ ಎಳೆದ ಕೈ ರಾತ್ರಿಯವರೆಗೂ ನಡುಗುತ್ತಿತ್ತು.

ಮರುದಿನ ಮೆಕ್ಯಾನಿಕ್ ಹುಡುಗ ಕಾರಿನಡಿ ನುಸುಳಿ ನೋಡಿ ಹೇಳಿದ: "ಲಿವರ್ ಪಿಗೆ ಬಂದಿದೆ ಆಂಟಿ, ಗೇರ್‌ಬಾಕ್ಸ್ ಬಂದಿಲ್ಲ."

ನನ್ನದರಂಥ ಹಳೆಯ ಕಾರುಗಳಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಹೋಗುತ್ತದೆ. ಅದರ ತುದಿಯಲ್ಲೊಂದು ಪುಟ್ಟ ಪ್ಲಾಸ್ಟಿಕ್ ಬುಷ್. ಅದು ಸವೆದರೆ ಕೈ ಒಂದು ಗೇರು ಹಾಕುತ್ತದೆ, ಒಳಗೆ ಬೀಳುವುದು ಇನ್ನೊಂದು. ಪಿ ನಿಜಕ್ಕೂ ಬಿದ್ದಾಗ ಗೇರ್‌ಬಾಕ್ಸಿನೊಳಗೆ ಬೆರಳಿನಂಥ ಉಕ್ಕಿನ ಕೊಕ್ಕೆಯೊಂದು ಹಲ್ಲುಚಕ್ರದ ಸಂದಿಗೆ ಇಳಿದು ಕಾರನ್ನು ಹಿಡಿಯುತ್ತದೆ. ನನ್ನದರಲ್ಲಿ ಅದು ಇಳಿದೇ ಇರಲಿಲ್ಲ.

ಸೂಚನೆಗಳು ತಿಂಗಳಿನಿಂದ ಇದ್ದವು. ಲಿವರ್ ಕೈಗೆ ಸಡಿಲವಾಗಿತ್ತು, ಒಂದೊಂದು ಸ್ಥಾನಕ್ಕೆ ಬಂದಾಗ ಸಿಗುತ್ತಿದ್ದ ಆ 'ಕಟ್' ಇಲ್ಲವಾಗಿತ್ತು. ಕೆಲವು ಬೆಳಿಗ್ಗೆ ಪಿಯಲ್ಲಿ ಸ್ಟಾರ್ಟ್ ಆಗುತ್ತಿರಲಿಲ್ಲ, ಲಿವರ್ ಅಲುಗಿಸಿದರೆ ಆಗುತ್ತಿತ್ತು. ಗೇರ್‌ಬಾಕ್ಸ್ ಪಿ ಅಥವಾ ಎನ್‌ನಲ್ಲಿ (ನ್ಯೂಟ್ರಲ್) ಇದ್ದರಷ್ಟೇ ಸ್ಟಾರ್ಟ್ ಆಗಲು ಬಿಡುವ ಸ್ವಿಚ್ ಒಂದಿದೆ. ಅದು ಸುಳ್ಳು ಹೇಳುತ್ತಿರಲಿಲ್ಲ. ನಾನು ಬ್ಯಾಟರಿಯನ್ನು ದೂರಿದೆ. ಲಿವರಿನ ಪಕ್ಕದ ಅಕ್ಷರಕ್ಕೂ ಮೀಟರಿನಲ್ಲಿ ಬೆಳಗುವ ಅಕ್ಷರಕ್ಕೂ ತಾಳೆಯಾಗದಿದ್ದರೆ, ಆರ್ ಹಾಕಿದರೂ ಹಿಂದಿನ ಬಿಳಿ ದೀಪ ಹತ್ತದಿದ್ದರೆ, ದಯವಿಟ್ಟು ಆ ಕಾರನ್ನು ಇಳಿಜಾರಿಗೆ ಒಯ್ಯಬೇಡಿ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಉಂಟು: ಲಿವರ್ ಪಿ ಬಿಟ್ಟು ಬರುವುದೇ ಇಲ್ಲ. ಎಳೆದಾಡಬೇಡಿ. ಬ್ರೇಕ್ ಒತ್ತಿ, ಹಿಂದಿನ ಕೆಂಪು ದೀಪ ಹತ್ತಿತೇ ನೋಡಲು ಯಾರಿಗಾದರೂ ಹೇಳಿ. ಹತ್ತದಿದ್ದರೆ ಪೆಡಲಿನ ಮೇಲಿನ ಸಣ್ಣ ಸ್ವಿಚ್ಚೋ ಫ್ಯೂಸೋ ಕೆಟ್ಟಿರಬಹುದು. ಬ್ರೇಕ್ ಒತ್ತಿದ ಸುದ್ದಿ ತಲುಪದೆ ಲಿವರಿನ ಬೀಗ ತೆರೆಯದು.

ಕೇಬಲ್ಲಿಲ್ಲದ ಎಲೆಕ್ಟ್ರಾನಿಕ್ ಲಿವರುಗಳಲ್ಲೂ ಅಕ್ಷರ ನೋಡದೆ ಇಳಿಯುವಂತಿಲ್ಲ. ಎಲ್ಲಿಗೆ ತಳ್ಳಿದರೂ ನಡುವಿಗೇ ಮರಳುವ ಲಿವರಿದ್ದ ಸುಮಾರು 11 ಲಕ್ಷ ಕಾರುಗಳನ್ನು 2016ರ ಏಪ್ರಿಲ್‌ನಲ್ಲಿ ಫಿಯಟ್ ಕ್ರೈಸ್ಲರ್ ದುರಸ್ತಿಗೆಂದು ಹಿಂದಕ್ಕೆ ಕರೆಯಿತು. ಅದೇ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ 27 ವರ್ಷದ ನಟ ಆಂಟನ್ ಯೆಲ್ಚಿನ್, ಅಂಥದ್ದೇ ಜೀಪ್ ಗ್ರ್ಯಾಂಡ್ ಚೆರೋಕಿ ಮನೆಯೆದುರಿನ ಇಳಿಜಾರಿನಲ್ಲಿ ಉರುಳಿ ಬಂದು ತೀರಿಕೊಂಡರು.

ನಮ್ಮಲ್ಲಿ 2014ರ ಸೆಲೆರಿಯೊದಿಂದ ಹಬ್ಬಿದ, ಮ್ಯಾನ್ಯುಯಲ್ ಗೇರುಗಳನ್ನೇ ಯಂತ್ರ ಬದಲಿಸುವ ಎಎಂಟಿ ಕಾರುಗಳಲ್ಲಿ ಹೆಚ್ಚಿನವಕ್ಕೆ ಪಿ ಎಂಬುದೇ ಇಲ್ಲ. ಅಲ್ಲಿ ಹ್ಯಾಂಡ್‌ಬ್ರೇಕ್ ಮರೆಯುವಂತೆಯೇ ಇಲ್ಲ.

ಬುಷ್ ಬದಲಿಸಿದ್ದಾಯಿತು. ಈಗ ಬ್ರೇಕ್ ಒತ್ತಿಕೊಂಡೇ ಎನ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಮೆಲ್ಲಗೆ ಸಡಿಲಿಸುತ್ತೇನೆ. ಕಾರಿನ ಭಾರ ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲಷ್ಟೇ ಮತ್ತೆ ಬ್ರೇಕ್ ಒತ್ತಿ ಪಿ ಹಾಕುತ್ತೇನೆ. ಮೊದಲೆಲ್ಲ ಬೆಳಿಗ್ಗೆ ಪಿಯಿಂದ ತೆಗೆಯುವಾಗ ಕೇಳುತ್ತಿದ್ದ 'ಧಡ್' ಸದ್ದು ಈಗಿಲ್ಲ. ಅದು ಆ ಪುಟ್ಟ ಕೊಕ್ಕೆ ರಾತ್ರಿಯಿಡೀ ಇಡೀ ಕಾರನ್ನು ಹೊತ್ತು ನಿಂತ ಸದ್ದಾಗಿತ್ತು. ಮೊಮ್ಮಗಳು ಈಗ ನನ್ನನ್ನು ಕಾಯುವುದು ಜಗಲಿಯ ಮೇಲೆ.