ಹೆಸರು ಕೆಸರಾದ ಬಗೆ

ಊರವರ ಮುಂದೆ ಮರ್ಯಾದೆ ಕಳೆದುಕೊಂಡವನನ್ನು ಕುರಿತು ನಾವು ‘ಅವನ ಮಾನ ಮೂರು ಕಾಸಾಯಿತು’ ಎನ್ನುತ್ತೇವೆ. ಇಂಗ್ಲಿಷಿನವರು ಅಂಥ ಸಂದರ್ಭದಲ್ಲಿ ‘ಹಿಸ್ ನೇಮ್ ಈಸ್ ಮಡ್’ ಎನ್ನುತ್ತಾರೆ. ಅವನ ಹೆಸರು ಕೆಸರು ಎಂದು ಇದರ ಅಕ್ಷರಾರ್ಥ. ಈ ನುಡಿಗಟ್ಟು ಹುಟ್ಟಿದ್ದು ಅಮೆರಿಕದ ಒಬ್ಬ ವೈದ್ಯನಿಂದ ಎಂಬ ನಂಬಿಕೆ ಬಹಳ ಕಾಲದಿಂದ ಪ್ರಚಾರದಲ್ಲಿದೆ. ಆತ ಡಾ. ಸ್ಯಾಮ್ಯುಯೆಲ್ ಮಡ್.

1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ನಾಟಕಶಾಲೆಯಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ನರಿಗೆ ಗುಂಡಿಕ್ಕಿದ ನಟ ಜಾನ್ ವಿಲ್ಕ್ಸ್ ಬೂತ್, ಕಾಲು ಮುರಿದ ಸ್ಥಿತಿಯಲ್ಲೇ ಕುದುರೆಯೇರಿ ದಕ್ಷಿಣದ ಕಡೆಗೆ ಪರಾರಿಯಾದ. ಬೆಳಗಿನ ಜಾವ ಮೇರಿಲ್ಯಾಂಡಿನಲ್ಲಿದ್ದ ಮಡ್‌ನ ಮನೆಯ ಬಾಗಿಲು ತಟ್ಟಿದ. ವೈದ್ಯ ಅವನ ಬೂಟನ್ನು ಕತ್ತರಿಸಿ ತೆಗೆದು, ಮೂಳೆ ಕೂಡಿಸಿ ಪಟ್ಟಿ ಕಟ್ಟಿದ. ಮಲಗಲು ಕೋಣೆ ಕೊಟ್ಟ. ಅಂದೇ ಮಧ್ಯಾಹ್ನದ ಮೇಲೆ ಬೂತ್ ಹೊರಟುಹೋದ. ಕತ್ತರಿಸಿದ ಬೂಟು ಅಲ್ಲೇ ಉಳಿಯಿತು. ಹುಡುಕಿಕೊಂಡು ಬಂದ ಸೈನಿಕರ ಕೈಗೆ ಅದು ಸಿಕ್ಕಿದಾಗ ಒಳಗೆ ‘ಜೆ. ವಿಲ್ಕ್ಸ್’ ಎಂದು ಬರೆದಿತ್ತು!

ತನಗೆ ಗುರುತು ಸಿಗಲಿಲ್ಲ, ಬಂದವನು ಗಡ್ಡ ಅಂಟಿಸಿಕೊಂಡಿದ್ದ ಎಂದು ಮಡ್ ಹೇಳಿದ. ನಂಬುವುದು ಕಷ್ಟ. ಏಕೆಂದರೆ ಹಿಂದಿನ ನವೆಂಬರಿನಲ್ಲಿ ಇದೇ ಬೂತ್ ಇದೇ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದ. ಹಾಗೆಂದು ಕೊಲೆಯ ಸಂಚು ಮಡ್‌ಗೆ ಗೊತ್ತಿತ್ತೆಂದು ಹೇಳಲೂ ಬರುವುದಿಲ್ಲ. ಸೈನಿಕ ನ್ಯಾಯಮಂಡಲಿ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನೇಣು ತಪ್ಪಿದ್ದು ಒಂದೇ ಮತದಿಂದ.

ಫ್ಲಾರಿಡಾದ ತೀರದಾಚೆ ಕಡಲಿನ ನಡುವೆ ಇದ್ದ ಜೆಫರ್‌ಸನ್ ಕೋಟೆ ಅವನ ಸೆರೆಮನೆ. 1867ರಲ್ಲಿ ಅಲ್ಲಿ ಹಳದಿ ಜ್ವರ ಹಬ್ಬಿ ಕೋಟೆಯ ವೈದ್ಯನೇ ಸತ್ತುಹೋದ. ಆಗ ಕೈದಿ ಮಡ್ ಕಾವಲುಗಾರರಿಗೂ ಕೈದಿಗಳಿಗೂ ಶುಶ್ರೂಷೆ ಮಾಡಿದ. ತಾನೂ ಜ್ವರದಲ್ಲಿ ಬಿದ್ದು ಎದ್ದ. ಅವನನ್ನು ಬಿಡುಗಡೆ ಮಾಡಬೇಕೆಂದು ಕೋಟೆಯ ಸೈನಿಕರೇ ಮನವಿ ಬರೆದರು. 1869ರಲ್ಲಿ ಅಧ್ಯಕ್ಷ ಆಂಡ್ರೂ ಜಾನ್‌ಸನ್ ಕ್ಷಮಾದಾನ ನೀಡಿದರು. ಕ್ಷಮೆ ದೊರೆಯಿತು, ಆದರೆ ತೀರ್ಪು ರದ್ದಾಗಲಿಲ್ಲ.

ಇನ್ನು ನುಡಿಗಟ್ಟಿನ ವಿಚಾರ. ಲಂಡನ್ನಿನ ಜಾನ್ ಬ್ಯಾಡ್‌ಕಾಕ್ ಎಂಬಾತ 1823ರಲ್ಲಿ ಪ್ರಕಟಿಸಿದ ಬೀದಿಮಾತಿನ ನಿಘಂಟಿನಲ್ಲಿ ಈ ಮಾತು ಆಗಲೇ ಇದೆ. ‘ಮಡ್’ ಎಂದರೆ ಅಲ್ಲಿ ದಡ್ಡ, ಹರಟೆಮಲ್ಲ. ಯಾರಾದರೂ ಪೆದ್ದುಪೆದ್ದಾಗಿ ಭಾಷಣ ಬಿಗಿದು ಮುಗಿಸಿದಾಗ ಕೇಳುಗರು ಈ ಮಾತನ್ನು ಎಸೆಯುತ್ತಿದ್ದರಂತೆ. (ನಮ್ಮ ಸಭೆಗಳಿಗೂ ಉಪಯೋಗವಾದೀತು!) ಡಾ. ಮಡ್ ಹುಟ್ಟಿದ್ದು 1833ರಲ್ಲಿ. ಅಂದರೆ ಮಾತು ಅಚ್ಚಾಗಿ ಹತ್ತು ವರ್ಷವಾದ ಮೇಲೆ! ಅವನ ಹೆಸರಿನ ಕೊನೆಗೆ ‘ಡಿ’ ಅಕ್ಷರ ಎರಡು. ಕೆಸರಿನ ಮಡ್‌ಗೆ ಒಂದೇ. ಆದರೆ ಕಿವಿಗೆ ಈ ಭೇದ ತಿಳಿಯುವುದಿಲ್ಲ. ಸಿದ್ಧವಾಗಿದ್ದ ಬೈಗುಳಕ್ಕೆ ಸರಿಹೊಂದುವ ಹೆಸರಿನವನೊಬ್ಬ ಸಿಕ್ಕಿದ, ಅಷ್ಟೆ.

ಮಡ್ 1883ರಲ್ಲಿ ತೀರಿಕೊಂಡ. ಈ ಕಳಂಕವನ್ನು ತೊಳೆಯಲು ಬದುಕಿನ ಬಹುಭಾಗವನ್ನು ಸವೆಸಿದವರು ಮೊಮ್ಮಗ ಡಾ. ರಿಚರ್ಡ್ ಮಡ್. ಅವರ ಮನವಿಗೆ 1979ರಲ್ಲಿ ಅಧ್ಯಕ್ಷ ಕಾರ್ಟರ್, 1987ರಲ್ಲಿ ಅಧ್ಯಕ್ಷ ರೇಗನ್ ಸಹಾನುಭೂತಿಯ ಪತ್ರ ಬರೆದರು. ತೀರ್ಪನ್ನು ಬದಲಿಸುವ ಅಧಿಕಾರ ತಮಗಿಲ್ಲವೆಂದು ಕಾರ್ಟರ್ ತಿಳಿಸಿದರು. 1992ರಲ್ಲಿ ಸೈನ್ಯದ ದಾಖಲೆ ತಿದ್ದುವ ಮಂಡಲಿ ಶಿಕ್ಷೆಯನ್ನು ರದ್ದುಮಾಡಲು ಶಿಫಾರಸು ಮಾಡಿತು; ಸೇನಾ ಇಲಾಖೆ ಒಪ್ಪಲಿಲ್ಲ. ರಿಚರ್ಡ್ 2002ರ ಮೇ ತಿಂಗಳಲ್ಲಿ, 101ನೆಯ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಮಡ್ ತಪ್ಪಿತಸ್ಥನೇ ಅಲ್ಲವೇ ಎಂಬ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ. ಸೇನಾ ದಾಖಲೆಗಳನ್ನು ತಿದ್ದುವ ಕಾನೂನು ಇರುವುದು ಸೈನಿಕರಿಗಾಗಿ, ಸೈನಿಕ ನ್ಯಾಯಮಂಡಲಿ ಶಿಕ್ಷಿಸಿದ ಈ ಮಡ್ ಸೈನಿಕನಲ್ಲ ಎಂಬುದೇ ಅದು ಕೊಟ್ಟ ಕಾರಣ.