ಕೊಂಬು ಮತ್ತು ಮೂಳೆಯ ಆಯುಧಗಳು

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ ಚಿಕ್ಕಯ್ಯನಛತ್ರ ಎಂಬ ಹೋಬಳಿಯಿದೆ. ಛತ್ರವೆಂಬ ಮಾತು ದಾರಿಹೋಕರ ತಂಗುದಾಣವನ್ನು ನೆನಪಿಗೆ ತರುತ್ತದೆ. ಛತ್ರಗಳೂ ಹೆದ್ದಾರಿಗಳೂ ಹುಟ್ಟುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಮನುಷ್ಯರು ಈ ಸೀಮೆಯಲ್ಲಿ ನಡೆದಾಡಿದ್ದರು, ನೀರಿನ ದಡದಲ್ಲಿ ತಂಗಿದ್ದರು. ನಂಜನಗೂಡನ್ನು ಹಾದು ಪೂರ್ವಕ್ಕೆ ಹರಿಯುವ ಕಪಿಲಾ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಆ ಸಂಗಮದ ಸಮೀಪದಲ್ಲಿ 1959ರಿಂದ 1965ರ ನಡುವಿನ ವರ್ಷಗಳಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕೈಯಿಂದಲೇ ಮಾಡಿದ ಮಡಕೆಗಳು, ಮಣ್ಣಿನ ತಲೆದಿಂಬುಗಳು ಅಲ್ಲಿ ದೊರೆತವು. ನವಶಿಲಾಯುಗದ ಜನವಸತಿಯೊಂದು ಹೀಗೆ ಬೆಳಕಿಗೆ ಬಂದಿತು.

ಇಂತಹ ನೆಲೆಗಳ ವಸ್ತುಗಳನ್ನು ಸಂಗ್ರಹಾಲಯದಲ್ಲಿ ನೋಡಿದವರಿಗೆ ಎಲ್ಲೆಲ್ಲೂ ಕಲ್ಲೇ ಕಾಣುತ್ತದೆ. ಆದಿಮಾನವನಿಗೆ ಕಲ್ಲಿನ ಹೊರತು ಬೇರೆ ಸಾಧನವೇ ಇರಲಿಲ್ಲವೆಂದು ಅವರು ಭಾವಿಸುವುದು ಸಹಜ. ‘ಶಿಲಾಯುಗ’ ಎಂಬ ಹೆಸರೂ ಆ ಭಾವನೆಯನ್ನೇ ಬಲಪಡಿಸುತ್ತದೆ. ಆದರೆ ಆ ಕಾಲದ ಮನುಷ್ಯನು ಬಳಸಿದ್ದೆಲ್ಲವನ್ನೂ ಕಾಲವು ನಮಗೆ ಉಳಿಸಿಕೊಟ್ಟಿಲ್ಲ. ಮರ, ನಾರು, ತೊಗಲು ಇವು ಬಹುಬೇಗ ಮಣ್ಣುಪಾಲಾಗುತ್ತವೆ. ಮೂಳೆ ಅವುಗಳಿಗಿಂತ ಗಟ್ಟಿ. ಆದರೂ ಅದರ ಆಯುಸ್ಸು ಮಣ್ಣಿನ ಗುಣವನ್ನು ಅವಲಂಬಿಸಿದೆ. ಆಮ್ಲಗುಣವುಳ್ಳ ಮಣ್ಣಿನಲ್ಲಿ ಮಳೆನೀರು ಇಂಗುತ್ತಿದ್ದರೆ ಮೂಳೆಯ ಸುಣ್ಣದ ಅಂಶವು ಕರಗಿ, ಕ್ರಮೇಣ ಮೂಳೆಯೇ ಇಲ್ಲವಾಗುತ್ತದೆ. ಸುಣ್ಣಕಲ್ಲಿನ ಗುಹೆಗಳಲ್ಲಿಯೂ ಬೂದಿಯ ದಿಬ್ಬಗಳಲ್ಲಿಯೂ ಅದೇ ಮೂಳೆ ಸಹಸ್ರಾರು ವರ್ಷ ಉಳಿಯಬಲ್ಲುದು. ಒಂದು ನೆಲೆಯಲ್ಲಿ ಮೂಳೆಯ ಆಯುಧ ದೊರೆಯಲಿಲ್ಲವೆಂದ ಮಾತ್ರಕ್ಕೆ ಅಲ್ಲಿನ ಜನರಿಗೆ ಅದು ತಿಳಿದಿರಲಿಲ್ಲವೆಂದು ಹೇಳಲಾಗದು.

ಕನ್ನಡದಲ್ಲಿ ಹಸುವಿನ ತಲೆಯ ಮೇಲಿರುವುದನ್ನೂ ಜಿಂಕೆಯ ತಲೆಯ ಮೇಲಿರುವುದನ್ನೂ ‘ಕೊಂಬು’ ಎಂದೇ ಕರೆಯುತ್ತೇವೆ. ಆದರೆ ಇವೆರಡರ ರಚನೆ ಬೇರೆ ಬೇರೆ. ಹಸು, ಎಮ್ಮೆ, ಕಾಡುಕೋಣ, ಕೃಷ್ಣಮೃಗಗಳ ಕೊಂಬಿನೊಳಗೆ ಮೂಳೆಯ ತಿರುಳಿದ್ದು, ಅದರ ಮೇಲೆ ಉಗುರಿನ ಜಾತಿಯ ವಸ್ತುವಿನ ಕವಚವಿರುತ್ತದೆ. ಈ ಕೊಂಬು ಪ್ರಾಣಿಯ ಜೀವಮಾನವೆಲ್ಲ ಬೆಳೆಯುತ್ತದೆ, ಬಿದ್ದುಹೋಗುವುದಿಲ್ಲ. ಕಡವೆ ಮತ್ತು ಚುಕ್ಕೆಜಿಂಕೆಗಳ ಕವಲುಗೊಂಬಾದರೋ ಪೂರ್ತಿಯಾಗಿ ಮೂಳೆಯೇ. ಗಂಡುಗಳಲ್ಲಿ ಮಾತ್ರ ಬೆಳೆಯುವ ಅದು ಕಾಲಕಾಲಕ್ಕೆ ಕಳಚಿಬಿದ್ದು ಮತ್ತೆ ಹುಟ್ಟುತ್ತದೆ. ಆದ್ದರಿಂದ ಕಾಡಿನಲ್ಲಿ ಬಿದ್ದ ಕವಲುಗೊಂಬನ್ನು ಯಾವ ಪ್ರಾಣಿಯನ್ನೂ ಕೊಲ್ಲದೆ ಆರಿಸಿ ತರಬಹುದಾಗಿತ್ತು. ಮಣ್ಣಿನಲ್ಲಿ ಕವಚದ ಕೊಂಬು ಬೇಗ ಕೊಳೆಯುವುದರಿಂದ, ಇಂದು ಉತ್ಖನನಗಳಲ್ಲಿ ‘ಕೊಂಬಿನ ಆಯುಧ’ವೆಂದು ದೊರೆಯುವುದು ಹೆಚ್ಚಾಗಿ ಜಿಂಕೆಯ ಜಾತಿಯ ಕವಲುಗೊಂಬಿನದೇ ಆಗಿರುತ್ತದೆ.

ಕೈಯಳತೆಯಲ್ಲಿ ಕಲ್ಲು ಇರುವಾಗ ಮೂಳೆಯೇಕೆ ಬೇಕಾಯಿತು? ಕಲ್ಲಿನ ಅಲಗು ಬಹಳ ಹರಿತ. ಆದರೆ ಅದು ಪೆಡಸು. ಬಾಣವು ಗುರಿತಪ್ಪಿ ಬಂಡೆಗೆ ಬಡಿದರೆ ಕಲ್ಲಿನ ಮೊನೆ ಚೂರಾಗುತ್ತದೆ. ಮೂಳೆಯಲ್ಲಿ ಸುಣ್ಣದ ಗಟ್ಟಿತನದೊಡನೆ ಅಂಟಿನಂತಹ ನಾರಿನ ಅಂಶವೂ ಬೆರೆತಿದೆ. ಆದುದರಿಂದ ಅದು ಹೊಡೆತಕ್ಕೆ ಸ್ವಲ್ಪ ಬಾಗಿ ತಡೆದುಕೊಳ್ಳುತ್ತದೆ. ಕವಲುಗೊಂಬು ಸಾಮಾನ್ಯ ಮೂಳೆಗಿಂತಲೂ ಹೆಚ್ಚು ತಾಳಿಕೆಯುಳ್ಳದ್ದು. ಮೊನೆ ಮೊಂಡಾದರೆ ಕಲ್ಲಿಗೆ ಉಜ್ಜಿ ಮತ್ತೆ ಚೂಪು ಮಾಡಬಹುದು. ಇದಲ್ಲದೆ ಕಲ್ಲಿನಲ್ಲಿ ಸುಲಭವಾಗಿ ಕೆತ್ತಲಾಗದ ಹಿಮ್ಮುಖ ಮುಳ್ಳುಗಳನ್ನು ಮೂಳೆಯಲ್ಲಿ ಕೆತ್ತಬಹುದು. ಇಂತಹ ಮುಳ್ಳುಭರ್ಜಿಯು ಮೀನಿನ ಮೈಗೆ ಒಮ್ಮೆ ನಾಟಿದರೆ ಜಾರಿ ಹೊರಬೀಳುವುದಿಲ್ಲ.

ಆಯುಧವನ್ನು ಮಾಡುವ ಕ್ರಮವು ತಾಳ್ಮೆಯನ್ನು ಬೇಡುತ್ತಿತ್ತು. ಮೊದಲು ಕವಲುಗೊಂಬನ್ನು ನೀರಿನಲ್ಲಿ ನೆನೆಸಿ ಮೃದುಗೊಳಿಸಬಹುದು. ಉಳಿಯಂತೆ ಚೂಪಾದ ಕಲ್ಲಿನ ಚಕ್ಕೆಯಿಂದ ಅದರ ಉದ್ದಕ್ಕೂ ಎರಡು ಸಮಾನಾಂತರ ಗೀರುಗಳನ್ನು ಆಳವಾಗಿ ಕೊರೆಯಬೇಕು. ಅವುಗಳ ನಡುವಿನ ಪಟ್ಟಿಯನ್ನು ಮೀಟಿ ಎಬ್ಬಿಸಿದರೆ ನೀಳವಾದ ಸೀಳು ದೊರೆಯುತ್ತದೆ. ಅದನ್ನು ಹೆರೆದು, ಮರಳುಗಲ್ಲಿಗೆ ಉಜ್ಜಿ, ಮೊನೆ ತೀಡಿ, ಮರದ ಅಂಟಿನಿಂದಲೂ ನಾರಿನಿಂದಲೂ ಕೋಲಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಸ್ಟಾರ್ ಕಾರ್ ಎಂಬಲ್ಲಿ 1949ರಿಂದ 1951ರವರೆಗೆ ಗ್ರಹಾಂ ಕ್ಲಾರ್ಕ್ ನಡೆಸಿದ ಉತ್ಖನನದಲ್ಲಿ ಮುಳ್ಳುಭರ್ಜಿಗಳೊಂದಿಗೆ ಸೀಳು ತೆಗೆದು ಬಿಟ್ಟ ಕೊಂಬುಗಳೂ ದೊರೆತುದರಿಂದ ಈ ಕ್ರಮವು ಸ್ಪಷ್ಟವಾಯಿತು. ಇದರಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಎಷ್ಟೋ ಕಲ್ಲಿನ ಉಪಕರಣಗಳು ತಾವೇ ಬೇಟೆಯ ಆಯುಧಗಳಲ್ಲ. ಬೇಟೆಯ ಆಯುಧವನ್ನು ಮಾಡುವ ಸಾಧನಗಳು. ಸಾಧನ ಉಳಿಯಿತು, ಅದರಿಂದ ಮಾಡಿದ ವಸ್ತು ಅಳಿಯಿತು.

ಕರ್ನಾಟಕದ ನೆರೆಯಲ್ಲಿಯೇ ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ಭಾರತದ ಪ್ರಾಗಿತಿಹಾಸದ ಪಿತಾಮಹನೆನಿಸಿದ ರಾಬರ್ಟ್ ಬ್ರೂಸ್ ಫುಟ್ 1884ರಲ್ಲಿ ಆಂಧ್ರದ ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು ಶೋಧಿಸಿದನು. ಅವನ ಮಗ ಹೆನ್ರಿ ಫುಟ್ ಅಗೆತವನ್ನು ಮುಂದುವರಿಸಿದನು. ಸುಣ್ಣಕಲ್ಲಿನ ಆ ಗುಹೆಗಳಲ್ಲಿ ಪ್ರಾಣಿಗಳ ಅಸ್ಥಿಗಳೊಂದಿಗೆ ಇನ್ನೂರರಷ್ಟು ಮೂಳೆಯ ಉಪಕರಣಗಳು ದೊರೆತವೆಂದು ಅವರು ವರದಿ ಮಾಡಿದರು. ಅವು ನಿಜವಾಗಿ ಮನುಷ್ಯಕೃತವೇ ಎಂಬ ಶಂಕೆ ಬಹುಕಾಲ ಉಳಿಯಿತು. 1970ರ ದಶಕದಲ್ಲಿ ಎಂ. ಎಲ್. ಕೆ. ಮೂರ್ತಿಯವರು ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಅಗೆತ ನಡೆಸಿದಾಗ ಕಲ್ಲಿನ ಅಲಗುಗಳ ಜೊತೆಯಲ್ಲಿಯೇ ಮೂಳೆಯ ಉಪಕರಣಗಳು ದೊರೆತವು. ಅವು ಹದಿನೈದು ಸಾವಿರ ವರ್ಷಗಳಿಗೂ ಹಿಂದಿನವು.

ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಂಗನಕಲ್ಲು ಮತ್ತು ತೆಕ್ಕಲಕೋಟೆ, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಮೂಳೆಯ ಮೊನೆಗಳು ಸಿಕ್ಕಿವೆ. ಈ ಜನ ದನಕುರಿಗಳನ್ನು ಸಾಕಿ, ಧಾನ್ಯ ಬೆಳೆಯುತ್ತಿದ್ದರೂ ಬೇಟೆಯನ್ನು ಪೂರ್ತಿಯಾಗಿ ಬಿಟ್ಟಿರಲಿಲ್ಲ. ಸುರಪುರದ ಸಮೀಪದ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು 1989ರಿಂದ ಹಲವು ವರ್ಷ ಉತ್ಖನನ ನಡೆಸಿ, ಪ್ರಾಣಿಗಳನ್ನು ಕಡಿದು ಹಸನುಮಾಡುತ್ತಿದ್ದ ನೆಲವನ್ನೇ ಬೂದಿದಿಬ್ಬದ ನೆಲೆಯಲ್ಲಿ ಗುರುತಿಸಿದರು. ಮಾಂಸವನ್ನು ಬಿಡಿಸಿದ ಮೂಳೆ ಎಲ್ಲೆಡೆಯೂ ಕೈಗೆ ಸಿಗುತ್ತಿದ್ದ ಕಚ್ಚಾವಸ್ತು. ಅದನ್ನು ಎಸೆಯುವುದೋ ಉಪಯೋಗಿಸುವುದೋ ಎಂಬುದು ಮನುಷ್ಯನ ಬುದ್ಧಿಗೆ ಬಿಟ್ಟ ವಿಷಯವಾಗಿತ್ತು.

ಉತ್ತರ ಭಾರತದಲ್ಲಿ ಗಂಗಾ ಬಯಲಿನ ಮಹದಹಾ ಎಂಬ ನೆಲೆಯಲ್ಲಿ ಮೂಳೆ ಮತ್ತು ಕವಲುಗೊಂಬಿನ ಬಾಣದ ಮೊನೆಗಳೂ ಆಭರಣಗಳೂ ದೊರೆತಿವೆ. ಕಾಶ್ಮೀರದ ಬುರ್ಜಹೋಮಿನಲ್ಲಿ ಮೂಳೆಯ ಮುಳ್ಳುಭರ್ಜಿಗಳಲ್ಲದೆ ಬೇಟೆಯ ದೃಶ್ಯವನ್ನು ಕೆತ್ತಿದ ಕಲ್ಲಿನ ಚಪ್ಪಡಿಯೂ ಸಿಕ್ಕಿದೆ. ದಕ್ಷಿಣದಲ್ಲಿ ಶ್ರೀಲಂಕೆಯ ಫಾ ಹಿಯನ್ ಗುಹೆಯ ಮೂಳೆಯ ಮೊನೆಗಳು ಸುಮಾರು 48,000 ವರ್ಷಗಳಷ್ಟು ಹಳೆಯವೆಂದು 2020ರಲ್ಲಿ ವಿದ್ವಾಂಸರು ಪ್ರಕಟಿಸಿದರು. ದಟ್ಟವಾದ ಮಳೆಕಾಡಿನಲ್ಲಿ ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿ, ಅಳಿಲುಗಳನ್ನು ಹಿಡಿಯಲು ಹಗುರವಾದ ಬಾಣವೇ ತಕ್ಕ ಆಯುಧವಾಗಿತ್ತೆಂದು ಅವರು ಅಭಿಪ್ರಾಯಪಟ್ಟಿದ್ದಾರೆ.

ಆದರೆ ಚೂಪಾದ ಮೂಳೆಗಳೆಲ್ಲವೂ ಆಯುಧಗಳಲ್ಲ. ನಾಯಿ, ಕತ್ತೆಕಿರುಬಗಳು ಅಗಿದ ಮೂಳೆಯೂ ಮೊನೆಯಾಗಿ ಸೀಳಬಹುದು. ತೊಗಲು ಹೊಲಿಯುವ ದಬ್ಬಳವೂ ಬಾಣದ ಮೊನೆಯನ್ನೇ ಹೋಲಬಹುದು. ಇದನ್ನು ನಿರ್ಣಯಿಸಲು ವಿದ್ವಾಂಸರು ಸೂಕ್ಷ್ಮದರ್ಶಕದ ಸಹಾಯ ಪಡೆಯುತ್ತಾರೆ. ಕಲ್ಲಿನಿಂದ ಹೆರೆದಾಗ ಮೂಡಿದ ಗೀರುಗಳು, ಕೋಲಿಗೆ ಕಟ್ಟಿದ ಕಡೆಯ ಸವೆತ, ಗುರಿಗೆ ಬಡಿದಾಗ ಮೊನೆ ಮುರಿದ ರೀತಿ ಇವೆಲ್ಲವೂ ಸಾಕ್ಷಿಗಳಾಗುತ್ತವೆ. ಉತ್ತರ ಪ್ರದೇಶದ ಬೇಲನ್ ಕಣಿವೆಯಲ್ಲಿ ದೊರೆತ ಮೂಳೆಯ ವಸ್ತುವೊಂದನ್ನು ಕೆಲವರು ಮಾತೃದೇವತೆಯ ಪ್ರತಿಮೆಯೆಂದರು. ಮತ್ತೆ ಕೆಲವರು ಅದು ಸವೆದ ಮುಳ್ಳುಭರ್ಜಿಯೆಂದರು. ದೇವತೆಯೋ ಆಯುಧವೋ ಎಂಬಷ್ಟು ದೊಡ್ಡ ಅಂತರವು ಬೆರಳುದ್ದದ ಮೂಳೆಯ ಮೇಲಿನ ಕೆಲವು ಗೀರುಗಳನ್ನು ಅವಲಂಬಿಸಿದೆ.

ಈ ಕಾರಣದಿಂದಲೇ ವಸ್ತುವಿನಷ್ಟೇ ಅದು ದೊರೆತ ಜಾಗವೂ ಮುಖ್ಯವಾದುದು. ಯಾವ ಪದರದಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ಅದು ಇತ್ತು ಎಂಬುದು ತಿಳಿದರೆ ಮಾತ್ರ ಅದರ ಕಾಲವನ್ನೂ ಉಪಯೋಗವನ್ನೂ ಹೇಳಬಹುದು. ಗೊಬ್ಬರಕ್ಕೆಂದು ಬೂದಿದಿಬ್ಬವನ್ನು ತೋಡಿದಾಗ, ಕಲ್ಲಿಗೆಂದು ಗುಡ್ಡವನ್ನು ಒಡೆದಾಗ ಈ ಸಾಕ್ಷಿಯು ನಾಶವಾಗುತ್ತದೆ. ಕಲ್ಲಿನ ಕೊಡಲಿಯಾದರೂ ಉಳಿದೀತು. ಮೂಳೆಯ ಮೊನೆ ಸನಿಕೆಯ ಒಂದೇ ಏಟಿಗೆ ಪುಡಿಯಾಗುತ್ತದೆ. ಹೊಲದಲ್ಲಿ ಇಂತಹ ವಸ್ತು ಕಣ್ಣಿಗೆ ಬಿದ್ದರೆ ಅದನ್ನು ಕೀಳದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ವಿವೇಕದ ಕಾರ್ಯ.

ಮೂರು ವರ್ಷಗಳಿಗೊಮ್ಮೆ ತಿರುಮಕೂಡಲಿನ ಸಂಗಮದಲ್ಲಿ ಕುಂಭಮೇಳ ನಡೆಯುತ್ತದೆ. ಸಹಸ್ರಾರು ಜನ ಆ ದಡದಲ್ಲಿ ನಿಂತು ನೀರಿಗಿಳಿಯುತ್ತಾರೆ. ಒಂದು ಕಾಲಕ್ಕೆ ಅದೇ ಸಂಗಮದ ನೆರೆಯಲ್ಲಿ ಕಲ್ಲಿನ ಕೊಡಲಿಯ ಜನ ಮಡಕೆ ಮಾಡಿದರು, ಊರು ಕಟ್ಟಿದರು. ಅವರು ಹಿಡಿದಿದ್ದರಲ್ಲಿ ಕಲ್ಲು ಹೆಚ್ಚಾಗಿ ಉಳಿದಿದೆ; ಉಳಿದುದು ಬಹುಮಟ್ಟಿಗೆ ಮಣ್ಣಿನಲ್ಲಿ ಬೆರೆತಿದೆ. ಉಳಿದಿರುವುದನ್ನು ನೋಡುವಾಗ ಅಳಿದುಹೋದುದನ್ನೂ ನೆನೆಯುವವನೇ ಇತಿಹಾಸವನ್ನು ಸರಿಯಾಗಿ ಓದಬಲ್ಲನು.