ತಿಂಥಣಿಯ ತೀರದಿಂದ ತಗಡಿನ ಜೋಪಡಿಗೆ

ಸುರಪುರ ಸೀಮೆಯಲ್ಲಿ ಕೃಷ್ಣೆಯ ದಡದ ಮೇಲಿರುವ ತಿಂಥಣಿಯು ಮೌನೇಶ್ವರನ ಕ್ಷೇತ್ರ. ಹಿಂದೂ, ಮುಸಲ್ಮಾನ ಎಂಬ ಭೇದವಿಲ್ಲದೆ ಭಕ್ತರು ಇಲ್ಲಿ ತಲೆಬಾಗುತ್ತಾರೆ. ದೇವರ ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಇದೇ ಸೀಮೆಯ ಎಷ್ಟೋ ಕುಟುಂಬಗಳಿಗೆ ವರ್ಷವಿಡೀ ನಿಲ್ಲಬಲ್ಲ ನೆಲೆಯಿಲ್ಲ.

ಅವರನ್ನು ಎಬ್ಬಿಸುವ ಶಕ್ತಿಗಳು ಎರಡು. ಮೊದಲನೆಯದು ನದಿ. ಮೇಲ್ಗಡೆ ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದಂಡೆಯ ಹೊಲಗಳು ಮುಳುಗುತ್ತವೆ. 2009ರ ಮಹಾಪೂರದಲ್ಲಿ ಉತ್ತರ ಕರ್ನಾಟಕದ ಲಕ್ಷಾಂತರ ಮನೆಗಳಿಗೆ ಹಾನಿಯಾಯಿತು. ಆಗ ಸರ್ಕಾರವು ದಾನಿಗಳ ನೆರವಿನಿಂದ ‘ಆಸರೆ’ ಯೋಜನೆಯಡಿ ಹೊಸ ಮನೆಗಳನ್ನು ಕಟ್ಟಿಸಿತು. ಹಲವೆಡೆ ಮನೆ ಸಿದ್ಧವಾದರೂ ಜನ ಹೋಗಲಿಲ್ಲ. ಹೊಲ ದೂರ, ದನಕ್ಕೆ ಕೊಟ್ಟಿಗೆಯಿಲ್ಲ, ಕಾಳುಕಡಿಗೆ ಜಾಗವಿಲ್ಲ. ರೈತನ ಸಂಸಾರದಲ್ಲಿ ದನಕರುಗಳೂ ಸೇರಿವೆಯೆಂಬುದನ್ನು ನಕ್ಷೆ ಬರೆದವರು ಮರೆತಿದ್ದರು.

ಎರಡನೆಯದು ಹಸಿವು. ಸುಗ್ಗಿ ಮುಗಿದ ಮೇಲೆ ಮಳೆಯನ್ನೇ ನಂಬಿದ ಹೊಲದಲ್ಲಿ ಕೆಲಸವಿಲ್ಲ. ಮುದುಕರನ್ನು ಮನೆಗಾವಲಿಗೆ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು, ಸಂಸಾರಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಹತ್ತಾರು ಅಂತಸ್ತಿನ ಸೌಧಗಳನ್ನು ಎಬ್ಬಿಸುವ ಕೈಗಳಿಗೆ ಅಲ್ಲಿ ದೊರೆಯುವುದು ತಾಡಪಾಲು ಹೊದಿಸಿದ ತಗಡಿನ ಜೋಪಡಿ. ಕಟ್ಟಡ ಮುಗಿದ ದಿನ ಅದೂ ಇಲ್ಲ.

2011ರ ಜನಗಣತಿಯು ದೇಶದಲ್ಲಿ ಸುಮಾರು 17.7 ಲಕ್ಷ ವಸತಿಹೀನರನ್ನು ಎಣಿಸಿತು. ಅದು ಬೀದಿಬದಿಯಲ್ಲಿ, ಸೇತುವೆಯಡಿಯಲ್ಲಿ, ಬಯಲಿನಲ್ಲಿ ಮಲಗುವವರ ಲೆಕ್ಕ. ಊರಲ್ಲಿ ಮನೆಯಿದ್ದೂ ಪಟ್ಟಣದಲ್ಲಿ ಸೂರಿಲ್ಲದ ಗುಳೆಯವನು ಇಂಥ ಲೆಕ್ಕದಿಂದ ಸುಲಭವಾಗಿ ಜಾರಿಹೋಗುತ್ತಾನೆ.

ಪರಿಹಾರದ ಮೊದಲ ಮೆಟ್ಟಿಲು ನೆಲದ ಹಕ್ಕು. 2023ರ ಜನವರಿ 19ರಂದು ಮಳಖೇಡದಲ್ಲಿ ಯಾದಗಿರಿಯೂ ಸೇರಿದಂತೆ ಐದು ಜಿಲ್ಲೆಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಜನ ಬಹುಕಾಲದಿಂದ ಬಾಳಿದರೂ ಕಂದಾಯದ ಕಡತದಲ್ಲಿ ಹೆಸರಿಲ್ಲದ ತಾಂಡಾ, ಹಟ್ಟಿಗಳವು. ಕಾಗದವಿಲ್ಲದವನಿಗೆ ಸಾಲ ಹುಟ್ಟುವುದು ಕಷ್ಟ. ವಸತಿಯ ನೆರವು ದಕ್ಕುವುದೂ ಕಷ್ಟ.

ಎರಡನೆಯ ಮೆಟ್ಟಿಲು ಹಣ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1,20,000 ರೂಪಾಯಿ ನಿಗದಿಯಾಯಿತು. ಹಣ ಬರುವುದು ಕಂತುಕಂತಾಗಿ, ಗೋಡೆ ಏರಿದಂತೆ. ಆದರೆ ಗುಳೆ ಹೋದವನ ಗೋಡೆ ಏರಿಸುವವರು ಯಾರು? ಕೂಲಿ ಬಿಟ್ಟು ಊರಲ್ಲಿ ನಿಂತರೆ ಅನ್ನವಿಲ್ಲ. ಕೂಲಿಗೆ ಹೋದರೆ ಮನೆ ಅರ್ಧಕ್ಕೇ ನಿಲ್ಲುತ್ತದೆ.

ಆದ್ದರಿಂದ ಮೂರನೆಯ ಮೆಟ್ಟಿಲು ಬದುಕಿನ ಭದ್ರತೆ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು ಇದಕ್ಕೊಂದು ದಾರಿ ತೋರಿತು. ಕಟ್ಟಡದ ವೆಚ್ಚದ ಮೇಲೆ ಸೆಸ್ ವಸೂಲಿ ಮಾಡಿ, ಹೆಸರು ನೋಂದಾಯಿಸಿದ ಕಾರ್ಮಿಕರಿಗೆ ಪಿಂಚಣಿ, ಚಿಕಿತ್ಸೆ, ಹೆರಿಗೆ ನೆರವು ಒದಗಿಸುವ ಏರ್ಪಾಡದು. ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ಪುರಾವೆ ಬೇಕು. ಮೇಸ್ತ್ರಿಯಿಂದ ಮೇಸ್ತ್ರಿಗೆ ಅಲೆಯುವವನು ಅದನ್ನು ಎಲ್ಲಿಂದ ತಂದಾನು?

1948ರಲ್ಲಿ ವಿಶ್ವಸಂಸ್ಥೆ ಸಾರಿದ ಮಾನವ ಹಕ್ಕುಗಳ ಘೋಷಣೆಯ 25ನೆಯ ವಿಧಿಯು ವಸತಿಯನ್ನೂ, ನಿರುದ್ಯೋಗ, ರೋಗ, ಮುಪ್ಪುಗಳಲ್ಲಿನ ರಕ್ಷಣೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೃಷ್ಣಾತೀರದ ಅನುಭವವೂ ಅದನ್ನೇ ನುಡಿಯುತ್ತದೆ. ಬೆಂಗಳೂರಿನ ಜೋಪಡಿಯಲ್ಲಿ ನೆರವು ದೊರೆತು, ಊರಿನ ಸಮೀಪದಲ್ಲೇ ವರ್ಷಪೂರ್ತಿ ಕೂಲಿ ಸಿಕ್ಕ ದಿನ, ತಿಂಥಣಿಯ ಸೀಮೆಯಲ್ಲಿ ಅರ್ಧಕ್ಕೆ ನಿಂತ ಗೋಡೆಗಳು ಸೂರು ಕಂಡಾವು. ಮುದುಕರ ಕಾವಲೂ ಮುಗಿದೀತು.